ಲಾ ನೀನಾ ವರ್ಷ ಸುಂಟರಗಾಳಿ ಜಾಸ್ತಿಯಾ? ನೀವೇ ಲೆಕ್ಕ ಹಾಕಿ ನೋಡುವ ಬಗೆ

ಪ್ರತಿ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತದೆ. "ಈ ಸಲ ಲಾ ನೀನಾ ಅಂತೆ, ಅಮೆರಿಕದಲ್ಲಿ ಸುಂಟರಗಾಳಿ ಜಾಸ್ತಿ ಆಗುತ್ತಾ?" "ಒಂದೇ ದಿನ ನೂರಾರು ಸುಂಟರಗಾಳಿ ಎದ್ದವಲ್ಲ, ಭೂಮಿ ಬಿಸಿಯಾಗಿದ್ದಕ್ಕೇನಾ?" ಕೇಳುವವರಲ್ಲಿ ವಿದ್ಯಾರ್ಥಿಗಳಿದ್ದಾರೆ. ಒಕ್ಲಹೋಮಾ, ಟೆನೆಸಿ ಕಡೆ ಮನೆ ಮಾಡಿಕೊಂಡಿರುವವರೂ ಇದ್ದಾರೆ. (ಲಾ ನೀನಾ ಅಂದರೆ ಪೆಸಿಫಿಕ್ ಸಾಗರದ ಸಮಭಾಜಕದ ನೀರು ವಾಡಿಕೆಗಿಂತ ತಣ್ಣಗಾಗುವುದು. ಅದೇ ನೀರು ಬೆಚ್ಚಗಾದರೆ ಎಲ್ ನೀನೋ.)

ಚಿಕ್ಕ ಉತ್ತರ ಬೇಕಿದ್ದರೆ ಇಷ್ಟು: ಹೌದು, ಸ್ವಲ್ಪ ಜಾಸ್ತಿ. ಆದರೆ ಎಲ್ಲ ಕಡೆ ಅಲ್ಲ, ಎಲ್ಲ ತಿಂಗಳೂ ಅಲ್ಲ, ಎಲ್ಲ ಲಾ ನೀನಾ ವರ್ಷವೂ ಅಲ್ಲ. ಈ ಮೂರು "ಅಲ್ಲ"ಗಳಲ್ಲೇ ವಿಷಯವೆಲ್ಲ ಇದೆ. ಅದಕ್ಕೇ ಬರೀ ಉತ್ತರ ಕೊಡುವ ಬದಲು, ಉತ್ತರ ಹುಡುಕುವ ದಾರಿಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಇದನ್ನು ಮಾಡಿ ನೋಡಿದವರು ಮುಂದೆ ಯಾವ ಸುದ್ದಿ ಓದಿದರೂ ಅದರಲ್ಲಿ ಎಷ್ಟು ಹುರುಳಿದೆ ಅಂತ ತಾವೇ ಹೇಳಬಲ್ಲರು.

ಏನೇನು ಬೇಕು?

ಒಂದು, ಸುಂಟರಗಾಳಿಗಳ ದಾಖಲೆ. ಒಕ್ಲಹೋಮಾದ ನಾರ್ಮನ್ ಊರಿನಲ್ಲಿರುವ ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್ 1950ರಿಂದ ಈಚಿನ ಒಂದೊಂದು ಸುಂಟರಗಾಳಿಯ ದಿನಾಂಕ, ಹೊತ್ತು, ಜಾಗ, ತೀವ್ರತೆ ಎಲ್ಲವನ್ನೂ ಒಂದು ಕಡತದಲ್ಲಿ ಇಟ್ಟಿದೆ. ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. ಎರಡು, ಎಲ್ ನೀನೋ–ಲಾ ನೀನಾ ಪಟ್ಟಿ. ಅಮೆರಿಕದ ಕ್ಲೈಮೇಟ್ ಪ್ರಿಡಿಕ್ಷನ್ ಸೆಂಟರ್ ಇದನ್ನೂ 1950ರಿಂದ ಕೊಡುತ್ತದೆ. ಮೂರು, ಎಕ್ಸೆಲ್‌ನಂಥ ಒಂದು ಸ್ಪ್ರೆಡ್‌ಶೀಟ್. ಅಮೆರಿಕದ ರಾಜ್ಯಗಳ ನಕ್ಷೆ ಪಕ್ಕದಲ್ಲಿದ್ದರೆ ಒಳ್ಳೆಯದು. ಪ್ರೋಗ್ರಾಮಿಂಗ್ ಬರಲೇಬೇಕು ಅಂತೇನಿಲ್ಲ.

1. ಮೊದಲು ಮಾತುಗಳನ್ನು ಬೇರೆ ಬೇರೆ ಮಾಡಿಕೊಳ್ಳಿ

ಸುಂಟರಗಾಳಿ ಅಂದರೆ ಗುಡುಗುಮೋಡದಿಂದ ನೆಲದವರೆಗೆ ಇಳಿದು, ಬಿರುಸಾಗಿ ಸುತ್ತುವ ಗಾಳಿಯ ಕಂಬ. ಟೊರ್ನಾಡೊ ಅನ್ನುವುದು ಇದನ್ನೇ. ಸಮುದ್ರದ ಮೇಲೆ ಹುಟ್ಟಿ ನೂರಾರು ಕಿಲೋಮೀಟರ್ ಹರಡುವ ಚಂಡಮಾರುತ ಬೇರೆ. ಸುಂಟರಗಾಳಿಯ ಅಗಲ ಸಾಮಾನ್ಯವಾಗಿ ಕೆಲವು ನೂರು ಮೀಟರ್ ಒಳಗೇ. ಆಯಸ್ಸು ಕೆಲವು ನಿಮಿಷ.

ಒಂದೇ ಹವಾಮಾನ ವ್ಯವಸ್ಥೆಯಿಂದ ಹಲವು ಸುಂಟರಗಾಳಿಗಳು ಬೆನ್ನುಬೆನ್ನಿಗೆ ಎದ್ದರೆ ಅದನ್ನು ಔಟ್‌ಬ್ರೇಕ್ ಅನ್ನುತ್ತಾರೆ. ಇಲ್ಲಿ ಅದನ್ನು "ಸುಂಟರಗಾಳಿಗಳ ದಾಳಿ" ಅಂತ ಕರೆಯುತ್ತೇನೆ. ಇದಕ್ಕೆ ಎಲ್ಲರೂ ಒಪ್ಪಿದ ಒಂದೇ ವ್ಯಾಖ್ಯೆ ಇಲ್ಲ. ಆರು ಅಥವಾ ಜಾಸ್ತಿ ಸುಂಟರಗಾಳಿ, ಒಂದು ಶುರುವಾಗಿ ಇನ್ನೊಂದು ಶುರುವಾಗುವ ನಡುವೆ ಆರು ಗಂಟೆಗಿಂತ ಹೆಚ್ಚು ಬಿಡುವಿಲ್ಲ, ಅನ್ನುವುದು ಸಂಶೋಧಕರು ಬಳಸುವ ಒಂದು ಅಳತೆ. ನೀವೂ ಅದನ್ನೇ ಇಟ್ಟುಕೊಳ್ಳಿ.

ಇನ್ನು ಹವಾಗುಣದ ಏರಿಳಿತ ಮತ್ತು ಹವಾಗುಣದ ಬದಲಾವಣೆ. ಇವೆರಡನ್ನೂ ಸುದ್ದಿಗಳಲ್ಲಿ ಸದಾ ಕಲಸಿಬಿಡುತ್ತಾರೆ. ಏರಿಳಿತ ಅಂದರೆ ಬಂದು ಹೋಗುವಂಥದ್ದು. ಎಲ್ ನೀನೋ ಬರುತ್ತದೆ, ಹೋಗುತ್ತದೆ, ಲಾ ನೀನಾ ಬರುತ್ತದೆ. ಬದಲಾವಣೆ ಅಂದರೆ ದಶಕಗಳ ಉದ್ದಕ್ಕೂ ಒಂದೇ ದಿಕ್ಕಿಗೆ ಸಾಗುವಂಥದ್ದು, ಭೂಮಿ ಬಿಸಿಯಾಗುತ್ತಿರುವ ಹಾಗೆ. "ಈ ಏಪ್ರಿಲ್ ಯಾಕೆ ಹೀಗೆ?" ಅನ್ನುವುದು ಸಾಮಾನ್ಯವಾಗಿ ಏರಿಳಿತದ ಪ್ರಶ್ನೆ. "ನಲವತ್ತು ವರ್ಷದಲ್ಲಿ ಏನಾಯಿತು?" ಅನ್ನುವುದು ಬದಲಾವಣೆಯ ಪ್ರಶ್ನೆ. ನಿಮ್ಮ ಪ್ರಶ್ನೆ ಯಾವುದು ಅಂತ ಒಂದು ಸಾಲಿನಲ್ಲಿ ಬರೆದಿಟ್ಟುಕೊಂಡು ಮುಂದೆ ಹೋಗಿ.

2. ಸುಂಟರಗಾಳಿಗೆ ಬೇಕಾದ ನಾಲ್ಕು ಸಾಮಾನು ತಿಳಿದುಕೊಳ್ಳಿ

ಈ ಹಂತ ಬಿಟ್ಟರೆ ಮುಂದಿನ ಲೆಕ್ಕಗಳೆಲ್ಲ ಬರೀ ಅಂಕಿಗಳಾಗಿ ಉಳಿಯುತ್ತವೆ.

ತೇವ ಬೇಕು. ಅಮೆರಿಕದ ಮಟ್ಟಿಗೆ ಅದು ಮೆಕ್ಸಿಕೋ ಕೊಲ್ಲಿಯಿಂದ ಬರುತ್ತದೆ. ನೆಲದ ಹತ್ತಿರ ಬೆಚ್ಚಗೆ, ಮೇಲೆ ತಣ್ಣಗೆ ಇರಬೇಕು. ಆಗ ಕೆಳಗಿನ ಗಾಳಿ ಒಮ್ಮೆ ಎದ್ದರೆ ನಿಲ್ಲದೆ ಏರುತ್ತದೆ. ಈ ಏರುವ ಶಕ್ತಿಯನ್ನು ಅಳೆಯುವ ಸಂಖ್ಯೆಗೆ ಕೇಪ್ ಅಂತ ಹೆಸರು. ಮೂರನೆಯದು, ಆ ಗಾಳಿಯನ್ನು ಮೊದಲು ಎತ್ತಿಕೊಡುವ ಒಂದು ಒತ್ತಾಸೆ. ತಂಪುಗಾಳಿಯ ಅಂಚು ನುಗ್ಗಿ ಬರುವುದು, ಒಣಗಾಳಿ ಮತ್ತು ತೇವಗಾಳಿ ಎದುರಾಗುವ ಗೆರೆ, ಇಂಥವು. ನಾಲ್ಕನೆಯದು ವಿಂಡ್ ಶಿಯರ್, ಅಂದರೆ ಮೇಲೆ ಹೋದಂತೆ ಗಾಳಿಯ ವೇಗವೂ ದಿಕ್ಕೂ ಬದಲಾಗುವುದು. ನೆಲದಲ್ಲಿ ದಕ್ಷಿಣದಿಂದ ಬೀಸುವ ಗಾಳಿ, ಐದಾರು ಕಿಲೋಮೀಟರ್ ಮೇಲೆ ಪಶ್ಚಿಮದಿಂದ ಜೋರಾಗಿ ಬೀಸುತ್ತಿದ್ದರೆ ನಡುವಿನ ಗಾಳಿ ಹಗ್ಗದಂತೆ ಹೊಸೆದುಕೊಳ್ಳುತ್ತದೆ. ಈ ಹೊಸೆತದ ಅಳತೆಗೆ ಹೆಲಿಸಿಟಿ ಅನ್ನುತ್ತಾರೆ. ಏರುವ ಮೋಡ ಅದನ್ನು ಎತ್ತಿಕೊಂಡರೆ ಮೋಡವೇ ಸುತ್ತಲು ಶುರುಮಾಡುತ್ತದೆ. ಅದೇ ಸೂಪರ್‌ಸೆಲ್. ದೊಡ್ಡ ಸುಂಟರಗಾಳಿಗಳಲ್ಲಿ ಹೆಚ್ಚಿನವು ಇಂಥ ಮೋಡದಿಂದಲೇ ಇಳಿಯುವುದು.

ನಾಲ್ಕೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಸೇರಬೇಕು. ಬೇಸಿಗೆಯಲ್ಲಿ ತೇವ, ಬಿಸಿ ಧಾರಾಳ, ಆದರೆ ಮೇಲಿನ ಗಾಳಿ ಸೊರಗಿರುತ್ತದೆ. ಚಳಿಗಾಲದಲ್ಲಿ ಮೇಲಿನ ಗಾಳಿ ಜೋರು, ಆದರೆ ತೇವ ಇಲ್ಲ. ವಸಂತದಲ್ಲಿ ಎರಡೂ ಸಂಧಿಸುತ್ತವೆ. ಏಪ್ರಿಲ್, ಮೇ, ಜೂನ್‌ನಲ್ಲಿ ಸುಂಟರಗಾಳಿ ಹೆಚ್ಚಲು ಇದೇ ಕಾರಣ.

ಈಗ ಮುಖ್ಯ ಮಾತು. ಸಾವಿರಾರು ಕಿಲೋಮೀಟರ್ ದೂರದ ಪೆಸಿಫಿಕ್ ಸಾಗರದ ನೀರು ಬಿಸಿಯಾದರೆ ಅಲಬಾಮಾದಲ್ಲಿ ನೇರವಾಗಿ ಸುಂಟರಗಾಳಿ ಏಳುವುದಿಲ್ಲ. ಆ ನೀರು ಮಾಡುವುದು ಈ ನಾಲ್ಕು ಸಾಮಾನು ಎಲ್ಲಿ, ಯಾವಾಗ ಸುಲಭವಾಗಿ ಸೇರುತ್ತವೆ ಅನ್ನುವುದನ್ನು ಕೊಂಚ ಅತ್ತಿತ್ತ ಸರಿಸುವುದನ್ನು ಮಾತ್ರ. ನೆಲದ ಹದ ಇದ್ದ ಹಾಗೆ ಅಂದುಕೊಳ್ಳಿ. ಹದ ಚೆನ್ನಾಗಿದ್ದರೂ ಬಿತ್ತದೆ ಬೆಳೆ ಇಲ್ಲ. ಹದ ಸಾಲದಿದ್ದರೂ ಒಮ್ಮೊಮ್ಮೆ ಮೊಳಕೆ ಬರುತ್ತದೆ. ಹವಾಗುಣದ ಏರಿಳಿತ ಹದ ಮಾಡುತ್ತದೆ. ಬಿತ್ತುವುದು ಆ ವಾರದ ಹವಾಮಾನ.

3. ಏನನ್ನು ಎಣಿಸಬೇಕು ಅಂತ ತೀರ್ಮಾನಿಸಿ

ಜಾಸ್ತಿ ಜನ ಎಡವುವುದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಕಡತ ತೆರೆದು ವರ್ಷಕ್ಕೆಷ್ಟು ಸುಂಟರಗಾಳಿ ಅಂತ ಎಣಿಸಿ ಗೆರೆ ಎಳೆದರೆ ಅದು ಮೇಲೆ ಏರುತ್ತದೆ. 1950ರ ದಶಕದ ಆರಂಭದಲ್ಲಿ ವರ್ಷಕ್ಕೆ ಕೆಲವು ನೂರು, ಈಗ ಸರಾಸರಿ 1,200ರ ಆಸುಪಾಸು. ನೋಡಿದ ಕೂಡಲೇ "ಅಯ್ಯೋ, ಎಷ್ಟೋ ಪಟ್ಟು ಹೆಚ್ಚಾಯಿತಲ್ಲ" ಅನಿಸುತ್ತದೆ, ಅಲ್ವಾ? ಆದರೆ ಈ ಏರಿಕೆಯ ಬಹುಪಾಲು ಆಕಾಶದಲ್ಲಿ ಆದದ್ದಲ್ಲ, ನೋಡುವ ಕಣ್ಣುಗಳಲ್ಲಿ ಆದದ್ದು. 1990ರ ದಶಕದ ಮೊದಲ ಭಾಗದಲ್ಲಿ ದೇಶದ ತುಂಬ ಡಾಪ್ಲರ್ ರೇಡಾರ್ ಬಂದವು. ಮೋಡದೊಳಗಿನ ಗಾಳಿ ಯಾವ ಕಡೆ ಚಲಿಸುತ್ತಿದೆ ಅಂತ ತೋರಿಸುವ ರೇಡಾರ್ ಇದು. ಜನವಸತಿ ಹರಡಿತು, ಬಿರುಗಾಳಿ ಗಮನಿಸುವ ಸ್ವಯಂಸೇವಕರು ಹೆಚ್ಚಿದರು, ಆಮೇಲೆ ಎಲ್ಲರ ಕೈಗೂ ಕ್ಯಾಮೆರಾ ಬಂತು. ಮೊದಲು ಯಾರ ಗಮನಕ್ಕೂ ಬಾರದೆ ಹೊಲದಲ್ಲಿ ಎದ್ದು ಅಡಗಿದ ಪುಟ್ಟ ಸುಂಟರಗಾಳಿಗಳೂ ಈಗ ದಾಖಲಾಗುತ್ತವೆ.

ಇದಕ್ಕೆ ಪರಿಹಾರ ಸರಳ. ತೀರ ದುರ್ಬಲವಾದವನ್ನು ಬಿಟ್ಟುಬಿಡಿ. ಸುಂಟರಗಾಳಿಯ ತೀವ್ರತೆಗೆ ಫುಜಿಟಾ ಮಾಪಕ ಇದೆ. ಟೆಟ್ಸುಯಾ ಫುಜಿಟಾ 1971ರಲ್ಲಿ ರೂಪಿಸಿದ್ದು. 2007ರಿಂದ ಅದರ ಸುಧಾರಿತ ರೂಪ ಬಳಕೆಯಲ್ಲಿದೆ, ಹೆಸರು ಇಎಫ್. ಇಎಫ್0 ಅತಿ ದುರ್ಬಲ, ಇಎಫ್5 ಅತಿ ಭೀಕರ. ಗಾಳಿಯ ವೇಗವನ್ನು ನೇರ ಅಳೆದು ಕೊಡುವ ಅಂಕಿ ಇದಲ್ಲ, ಕಟ್ಟಡ ಮತ್ತು ಮರಗಳಿಗೆ ಆದ ಹಾನಿ ನೋಡಿ ಅಂದಾಜು ಮಾಡುವುದು. ನೀವು 1 ಮತ್ತು ಅದಕ್ಕಿಂತ ಮೇಲಿನವನ್ನು ಮಾತ್ರ ಎಣಿಸಿ. ಹಾಗೆ ಎಣಿಸಿದರೆ 1950ರ ದಶಕದ ಮಧ್ಯದಿಂದ ಈಚೆಗೆ ವಾರ್ಷಿಕ ಸಂಖ್ಯೆಯಲ್ಲಿ ಸ್ಪಷ್ಟ ಏರಿಕೆ ಉಳಿಯುವುದಿಲ್ಲ. ಮೊದಲು ಕಂಡ ಏರುಗೆರೆ ಮಟ್ಟಸವಾಗುವುದನ್ನು ನಿಮ್ಮ ಕಣ್ಣಾರೆ ನೋಡಿ, ಈ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಪಾಠ ಇನ್ನೊಂದಿಲ್ಲ.

ಕಡತದಲ್ಲಿ ಎಡವುವ ಜಾಗಗಳು ಇನ್ನೂ ಕೆಲವಿವೆ:

ತೀವ್ರತೆ ಗೊತ್ತಿಲ್ಲದ ಕಡೆ ಮೈನಸ್ 9 ಅಂತ ಬರೆದಿರುತ್ತದೆ. ಅದನ್ನು ಸಂಖ್ಯೆ ಅಂದುಕೊಂಡು ಸರಾಸರಿ ತೆಗೆದರೆ ಲೆಕ್ಕ ಕೆಡುತ್ತದೆ.

ರಾಜ್ಯದ ಗಡಿ ದಾಟಿದ ಒಂದೇ ಸುಂಟರಗಾಳಿ ಕೆಲವು ಕಡತಗಳಲ್ಲಿ ಎರಡು ಮೂರು ಸಾಲಾಗಿ ಕೂತಿರುತ್ತದೆ. ಕಡತದ ಜೊತೆ ಕೊಡುವ ವಿವರಣೆ ಓದಿ, ಒಂದನ್ನು ಒಂದೇ ಸಲ ಎಣಿಸಿ.

ಹೊತ್ತನ್ನು ಅಮೆರಿಕದ ಸೆಂಟ್ರಲ್ ಸ್ಟ್ಯಾಂಡರ್ಡ್ ಸಮಯದಲ್ಲಿ ಬರೆದಿದ್ದಾರೆ. ದೊಡ್ಡ ದಾಳಿಗಳು ಮಧ್ಯಾಹ್ನ ಶುರುವಾಗಿ ನಡುರಾತ್ರಿ ದಾಟುತ್ತವೆ. ಕ್ಯಾಲೆಂಡರ್ ದಿನದ ಪ್ರಕಾರ ಎಣಿಸಿದರೆ ಒಂದೇ ದಾಳಿ ಎರಡು ದಿನಕ್ಕೆ ಹಂಚಿಹೋಗುತ್ತದೆ. ಬೆಳಗ್ಗೆ 6ರಿಂದ ಮರುದಿನ ಬೆಳಗ್ಗೆ 6ರವರೆಗೆ ಒಂದು ದಿನ ಅಂತ ಇಟ್ಟುಕೊಳ್ಳಿ. ನಾನು ಮೊದಲ ಸಲ ಇದನ್ನು ಮರೆತಿದ್ದೆ, ಎಲ್ಲವನ್ನೂ ಮತ್ತೆ ಎಣಿಸಬೇಕಾಯಿತು.

1970ರ ದಶಕಕ್ಕಿಂತ ಹಿಂದಿನ ತೀವ್ರತೆಯ ಅಂಕಿಗಳನ್ನು ಆಮೇಲೆ ಹಳೆಯ ಪತ್ರಿಕೆ ವರದಿಗಳನ್ನು ನೋಡಿ ಕೊಟ್ಟದ್ದು. ಹಾನಿಯ ವರ್ಣನೆ ಓದಿ ಕೊಟ್ಟ ಅಂಕಿ ಸ್ವಲ್ಪ ಏರಿರುವುದು ಸಹಜ. ಹಾಗಾಗಿ ಇಎಫ್4, ಇಎಫ್5 ಮಾತ್ರ ತೆಗೆದುಕೊಂಡು "ಹಿಂದೆ ಜಾಸ್ತಿ ಇತ್ತು" ಅನ್ನಲು ಹೋಗಬೇಡಿ.

ಎಣಿಸಬೇಕಾದದ್ದು ಯಾವುದು ಹಾಗಾದರೆ? ನನ್ನ ಸಲಹೆ ಹೀಗಿದೆ. ಪ್ರತಿ ವರ್ಷಕ್ಕೂ ಮೂರು ಅಂಕಣ ಮಾಡಿ. ಕನಿಷ್ಠ ಒಂದು ಇಎಫ್1 ಸುಂಟರಗಾಳಿಯಾದರೂ ಎದ್ದ ದಿನಗಳು ಎಷ್ಟು, ಹತ್ತಕ್ಕಿಂತ ಜಾಸ್ತಿ ಎದ್ದ ದಿನಗಳು ಎಷ್ಟು, ಮೂವತ್ತಕ್ಕಿಂತ ಜಾಸ್ತಿ ಎದ್ದ ದಿನಗಳು ಎಷ್ಟು. ವರ್ಷದ ಒಟ್ಟು ಮೊತ್ತಕ್ಕಿಂತ ಈ ಮೂರು ಅಂಕಣ ಹೆಚ್ಚು ಹೇಳುತ್ತವೆ. ಸಾವುನೋವಿನ ಲೆಕ್ಕವನ್ನು ಮಾತ್ರ ಹವಾಗುಣದ ಜೊತೆ ತಳಕು ಹಾಕಬೇಡಿ. ಸುಂಟರಗಾಳಿ ಊರಿನ ಮೇಲೆ ಹೋಯಿತೋ ಬಯಲಿನ ಮೇಲೆ ಹೋಯಿತೋ, ಹಗಲೋ ರಾತ್ರಿಯೋ ಅನ್ನುವುದರ ಮೇಲೆ ಅದು ನಿಲ್ಲುತ್ತದೆ.

4. ಜಾಗ ಮತ್ತು ತಿಂಗಳು ಆರಿಸಿ

ಇಡೀ ಅಮೆರಿಕ, ಇಡೀ ವರ್ಷ ಅಂತ ತೆಗೆದುಕೊಂಡರೆ ಒಂದು ಕಡೆಯ ಏರಿಕೆಯನ್ನು ಇನ್ನೊಂದು ಕಡೆಯ ಇಳಿಕೆ ನುಂಗಿಹಾಕುತ್ತದೆ. ಕನಿಷ್ಠ ಮೂರು ಪ್ರದೇಶ ಮಾಡಿ: ಟೆಕ್ಸಸ್, ಒಕ್ಲಹೋಮಾ, ಕಾನ್ಸಸ್ ಇರುವ ಬಯಲು, ಅರ್ಕನ್ಸಾದಿಂದ ಮಿಸಿಸಿಪಿ, ಅಲಬಾಮಾ, ಟೆನೆಸಿವರೆಗಿನ ಆಗ್ನೇಯ ಭಾಗ, ಬೇರೆಯಾಗಿ ಫ್ಲೋರಿಡಾ. ತಿಂಗಳುಗಳನ್ನೂ ಒಡೆಯಿರಿ. ಡಿಸೆಂಬರ್‌ನಿಂದ ಫೆಬ್ರವರಿ ಒಂದು ಗುಂಪು, ಮಾರ್ಚ್‌ನಿಂದ ಮೇ ಇನ್ನೊಂದು. ಆಗ್ನೇಯ ಭಾಗದಲ್ಲಿ ನವೆಂಬರ್‌ನಲ್ಲೂ ಒಂದು ಸಣ್ಣ ಋತು ಇದೆ, ಆಸಕ್ತಿ ಇದ್ದರೆ ಅದನ್ನೂ ನೋಡಬಹುದು.

ಒಂದು ಎಚ್ಚರಿಕೆ. ಪ್ರದೇಶ, ತಿಂಗಳು ಎರಡನ್ನೂ ಲೆಕ್ಕಕ್ಕೆ ಮೊದಲೇ ಆರಿಸಿ. ಉತ್ತರ ನೋಡಿಕೊಂಡು ಗಡಿ ಸರಿಸುತ್ತಾ ಹೋದರೆ ಏನನ್ನು ಬೇಕಾದರೂ ಸಾಬೀತು ಮಾಡಬಹುದು.

5. ಎಲ್ ನೀನೋ ಪಟ್ಟಿಯನ್ನು ಪಕ್ಕದಲ್ಲಿಡಿ

ಪೆಸಿಫಿಕ್ ಸಾಗರದ ಸಮಭಾಜಕದ ಪಟ್ಟಿಯಲ್ಲಿ ನೀರು ವಾಡಿಕೆಗಿಂತ ಬೆಚ್ಚಗಾದರೆ ಎಲ್ ನೀನೋ, ತಣ್ಣಗಾದರೆ ಲಾ ನೀನಾ, ಎರಡೂ ಅಲ್ಲದಿದ್ದರೆ ತಟಸ್ಥ. ಅಳತೆಗೆ ಆರಿಸಿಕೊಂಡಿರುವ ಜಾಗಕ್ಕೆ ನೀನೋ 3.4 ಅಂತ ಹೆಸರು. ಸಮಭಾಜಕದ ಎರಡೂ ಬದಿಗೆ 5 ಡಿಗ್ರಿ, ಪಶ್ಚಿಮ ರೇಖಾಂಶ 170ರಿಂದ 120ರವರೆಗೆ. ಅಲ್ಲಿನ ನೀರಿನ ಉಷ್ಣತೆ ವಾಡಿಕೆಗಿಂತ ಎಷ್ಟು ಹೆಚ್ಚು ಕಡಿಮೆ ಅನ್ನುವುದರ ಮೂರು ತಿಂಗಳ ಸರಾಸರಿಯೇ ಪಟ್ಟಿಯಲ್ಲಿರುವ ಅಂಕಿ. ಅರ್ಧ ಡಿಗ್ರಿ ಸೆಲ್ಸಿಯಸ್ ಹೆಚ್ಚಿದ್ದರೆ ಎಲ್ ನೀನೋ ಕಡೆ, ಅರ್ಧ ಡಿಗ್ರಿ ಕಡಿಮೆ ಇದ್ದರೆ ಲಾ ನೀನಾ ಕಡೆ.

ಪ್ರತಿ ವಸಂತಕ್ಕೂ ಅದಕ್ಕಿಂತ ಮುಂಚಿನ ಡಿಸೆಂಬರ್–ಫೆಬ್ರವರಿಯ ಅಂಕಿಯನ್ನು ಬರೆಯಿರಿ. ವರ್ಷಗಳನ್ನು ಮೂರು ಗುಂಪು ಮಾಡಿ. ಒಂದೊಂದು ಗುಂಪಿನಲ್ಲಿ "ಹತ್ತಕ್ಕಿಂತ ಜಾಸ್ತಿ" ದಿನಗಳು ಎಷ್ಟಿವೆ ನೋಡಿ.

ಸರಾಸರಿ ಮಾತ್ರ ತೆಗೆದು ನಿಲ್ಲಿಸಬೇಡಿ. ಒಂದೊಂದು ವರ್ಷಕ್ಕೂ ಒಂದೊಂದು ಚುಕ್ಕಿ ಇಟ್ಟು ಚಿತ್ರ ಬರೆಯಿರಿ. 2011ರ ಚುಕ್ಕಿ ಎಲ್ಲರಿಗಿಂತ ಮೇಲೆ ಕೂತು ಲಾ ನೀನಾ ಗುಂಪಿನ ಸರಾಸರಿಯನ್ನು ಎಳೆಯುತ್ತಿರುತ್ತದೆ. ಅದನ್ನು ತೆಗೆದು ಇನ್ನೊಮ್ಮೆ ಲೆಕ್ಕ ಹಾಕಿ. ವ್ಯತ್ಯಾಸ ಉಳಿದರೆ ಅದಕ್ಕೆ ಬೆಲೆ ಇದೆ. ಸರಾಸರಿಯ ಬದಲು ನಡುವಿನ ಸಂಖ್ಯೆ, ಅಂದರೆ ಎಲ್ಲವನ್ನೂ ಸಾಲಾಗಿ ಜೋಡಿಸಿದಾಗ ಸರಿಯಾಗಿ ಮಧ್ಯೆ ಬರುವುದು, ಇನ್ನೂ ನಂಬಿಕಸ್ಥ.

ಎಲ್ಲ ಸರಿಯಾಗಿ ಮಾಡಿದ್ದರೆ ನಿಮಗೆ ಕಾಣುವ ಚಿತ್ರ ಹೀಗಿರುತ್ತದೆ. ಲಾ ನೀನಾ ಚಳಿಗಾಲದ ನಂತರದ ವಸಂತದಲ್ಲಿ ದಕ್ಷಿಣ ಬಯಲು ಮತ್ತು ಆಗ್ನೇಯದಲ್ಲಿ ಸುಂಟರಗಾಳಿ ಜಾಸ್ತಿ, ಎಲ್ ನೀನೋ ನಂತರ ಕಡಿಮೆ. ಜಾನ್ ಅಲೆನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳಿತು, ಆಲಿಕಲ್ಲಿನ ಮಳೆಗೂ ಇದು ಅನ್ವಯ ಅಂತ ತೋರಿಸಿತು. ಚಳಿಗಾಲದ ಸಾಗರ ನೋಡಿ ವಸಂತದ ಬಗ್ಗೆ ಒಂದಿಷ್ಟು ಮುಂಚಿತವಾಗಿ ಹೇಳಬಹುದು ಅನ್ನುವುದಕ್ಕೆ ಅದೇ ಆಧಾರ.

ಯಾಕೆ ಹೀಗೆ? ಭೂಮಿಯಿಂದ ಹತ್ತು ಕಿಲೋಮೀಟರ್ ಆಸುಪಾಸಿನ ಎತ್ತರದಲ್ಲಿ ಹೊಳೆಯ ಹಾಗೆ ಹರಿಯುವ ಬಿರುಸಾದ ಗಾಳಿಗೆ ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಎಲ್ ನೀನೋ ಇದ್ದಾಗ ಈ ಹೊಳೆಯ ಒಂದು ಕವಲು ಬಲವಾಗಿ, ದಕ್ಷಿಣಕ್ಕೆ ಸರಿದು, ಮೆಕ್ಸಿಕೋ ಕೊಲ್ಲಿಯ ದಡದ ಮೇಲೇ ಹರಿಯುತ್ತದೆ. ದಕ್ಷಿಣದ ರಾಜ್ಯಗಳು ತಂಪಾಗಿ, ಮೋಡ ಮುಸುಕಿ ಇರುತ್ತವೆ. ಕೊಲ್ಲಿಯ ತೇವ ಉತ್ತರಕ್ಕೆ ಏರುವುದಿಲ್ಲ. ಲಾ ನೀನಾ ಇದ್ದಾಗ ಹೊಳೆ ಅಂಕುಡೊಂಕಾಗುತ್ತದೆ. ವಾಯವ್ಯದಲ್ಲಿ ಚಳಿ, ದಕ್ಷಿಣದಲ್ಲಿ ಬಿಸಿ, ನಡುವೆ ದೊಡ್ಡ ಅಂತರ. ಕೊಲ್ಲಿಯ ನೀರು ಬೆಚ್ಚಗಿದ್ದು, ಅಲ್ಲಿಂದ ತೇವಗಾಳಿ ಉತ್ತರಕ್ಕೆ ಜೋರಾಗಿ ಹರಿಯುತ್ತದೆ. ಎರಡನೇ ಹಂತದ ನಾಲ್ಕು ಸಾಮಾನುಗಳನ್ನು ನೆನಪಿಸಿಕೊಳ್ಳಿ. ತೇವ, ಬಿಸಿ, ಶಿಯರ್ ಮೂರಕ್ಕೂ ಅನುಕೂಲ.

ದೊಡ್ಡ ದಾಳಿಗಳ ಸಾಲು ನೋಡಿದರೆ ಈ ಮಾತು ನಿಜ ಅನಿಸುತ್ತದೆ. 1974ರ ಏಪ್ರಿಲ್ 3–4ರಂದು 13 ರಾಜ್ಯಗಳಲ್ಲಿ 148 ಸುಂಟರಗಾಳಿ ಎದ್ದು 300ಕ್ಕೂ ಹೆಚ್ಚು ಜನ ಸತ್ತರು. ಆಗ ಬಲವಾದ ಲಾ ನೀನಾ ಇತ್ತು. 2011ರ ಏಪ್ರಿಲ್ 25ರಿಂದ 28ರವರೆಗೆ ಸುಮಾರು 360 ಎದ್ದವು, 27ರ ಒಂದೇ ದಿನ 200ಕ್ಕೂ ಮೇಲೆ, ಅವುಗಳಲ್ಲಿ ನಾಲ್ಕು ಇಎಫ್5. ಅದೂ ಲಾ ನೀನಾ ಇನ್ನೂ ಇಳಿಯುತ್ತಿದ್ದ ಹೊತ್ತು. 1999ರ ಮೇ 3ರ ಒಕ್ಲಹೋಮಾ, 2008ರ ಫೆಬ್ರವರಿ 5–6, 2021ರ ಡಿಸೆಂಬರ್ 10ರ ಕೆಂಟಕಿ, ಎಲ್ಲವೂ ಲಾ ನೀನಾ ಹೊತ್ತಿನವೇ.

ಇಷ್ಟು ಓದಿ "ಗೊತ್ತಾಯಿತು ಬಿಡಿ" ಅಂತ ಎದ್ದುಹೋಗುವವರೇ ಹೆಚ್ಚು. ದಯವಿಟ್ಟು ಇನ್ನೂ ಸ್ವಲ್ಪ ಕೂತುಕೊಳ್ಳಿ. ದೊಡ್ಡ ದಾಳಿಗಳನ್ನು ಮಾತ್ರ ಆರಿಸಿ, ಆಮೇಲೆ ಸಾಗರ ಹೇಗಿತ್ತು ಅಂತ ನೋಡುವುದು ಅರ್ಧ ಲೆಕ್ಕ. ಲಾ ನೀನಾ ಇದ್ದೂ ಏನೂ ಆಗದ ವರ್ಷಗಳನ್ನು ಆ ಪಟ್ಟಿ ಮರೆಸಿಬಿಡುತ್ತದೆ.

2018 ನೋಡಿ. ಹಿಂದಿನ ಚಳಿಗಾಲ ಲಾ ನೀನಾ. ಏಪ್ರಿಲ್ ವಿಪರೀತ ಚಳಿ. ಒಕ್ಲಹೋಮಾದಲ್ಲಿ ಆ ವರ್ಷದ ಮೊದಲ ಸುಂಟರಗಾಳಿ ಎದ್ದದ್ದೇ ಮೇ 1ಕ್ಕೆ. ಇಡೀ ವರ್ಷ ದೇಶದಲ್ಲಿ ಒಂದೂ ಇಎಫ್4 ಅಥವಾ ಇಎಫ್5 ಇಲ್ಲ, 1950ರಿಂದ ಹಾಗಾದದ್ದು ಅದೇ ಮೊದಲು. 2012ರಲ್ಲೂ ಲಾ ನೀನಾ. ಮಾರ್ಚ್ ಮೊದಲ ವಾರ ದೊಡ್ಡ ದಾಳಿ ಆಯಿತು, ಆಮೇಲೆ ಬರ ಕವಿದು, ಹೆಚ್ಚು ಸುಂಟರಗಾಳಿ ಇಲ್ಲದೆ ಬೇಸಿಗೆ ಕಳೆಯಿತು. ವರ್ಷದ ಒಟ್ಟು 1,000 ಮುಟ್ಟಲಿಲ್ಲ.

ಉಲ್ಟಾ ಉದಾಹರಣೆ 1998ರದ್ದು. ಎರಡು ಡಿಗ್ರಿ ದಾಟಿದ ಭಾರಿ ಎಲ್ ನೀನೋ. "ಎಲ್ ನೀನೋ ಅಂದರೆ ಸುಂಟರಗಾಳಿ ಕಡಿಮೆ" ಅನ್ನುವ ಸೂತ್ರ ನಂಬಿದ್ದರೆ ನೆಮ್ಮದಿಯಾಗಿ ಮಲಗಬೇಕಿತ್ತು. ಫೆಬ್ರವರಿ 22ರ ರಾತ್ರಿ ಮಧ್ಯ ಫ್ಲೋರಿಡಾದಲ್ಲಿ, ಕಿಸಿಮಿ ಊರಿನ ಸುತ್ತಮುತ್ತ, ಸುಂಟರಗಾಳಿಗಳು 42 ಜನರನ್ನು ಕೊಂದವು. ಯಾಕೆ ಅಂತ ಈಗ ನೀವೇ ಹೇಳಬಲ್ಲಿರಿ. ಎಲ್ ನೀನೋದಲ್ಲಿ ಜೆಟ್ ಕೊಲ್ಲಿಯ ದಡಕ್ಕೆ ಸರಿಯುತ್ತದೆ ಅಂದೆನಲ್ಲ, ಫ್ಲೋರಿಡಾ ಇರುವುದು ಅದರ ಕೆಳಗೇ. ಅಲ್ಲಿ ತೇವ ಚಳಿಗಾಲದಲ್ಲೂ ಇರುತ್ತದೆ, ಕೊರತೆ ಇದ್ದದ್ದು ಶಿಯರ್. ಅದನ್ನು ಎಲ್ ನೀನೋ ತಂದುಕೊಟ್ಟಿತು. ಒಂದು ಕಡೆ ಹದ ಕೆಡಿಸಿದ್ದೇ ಇನ್ನೊಂದು ಕಡೆ ಹದ ಮಾಡುತ್ತದೆ. ನಾಲ್ಕನೇ ಹಂತದಲ್ಲಿ ಫ್ಲೋರಿಡಾವನ್ನು ಬೇರೆ ಇಡಿ ಅಂದದ್ದು ಇದಕ್ಕೇ.

ಇನ್ನೆರಡು ಚಿಕ್ಕ ಮಾತು. ಲಾ ನೀನಾ ಒಮ್ಮೊಮ್ಮೆ ಎರಡು ಮೂರು ಚಳಿಗಾಲ ಸತತವಾಗಿ ಇರುತ್ತದೆ, 1973ರಿಂದ 1976ರವರೆಗೆ ಇದ್ದ ಹಾಗೆ. ಅವನ್ನು ಮೂರು ಬೇರೆ ಬೇರೆ ಸಾಕ್ಷಿ ಅಂತ ಎಣಿಸಿದರೆ ಇರುವ ಪುರಾವೆಯನ್ನು ಹಿಗ್ಗಿಸಿದಂತೆ. ಹಾಗೇ, ವಸಂತ ಮುಂದೆ ಹೋದಂತೆ ಈ ನಂಟು ಸಡಿಲವಾಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಕಂಡದ್ದನ್ನು ಜೂನ್‌ಗೆ ಎಳೆಯಬೇಡಿ.

ನಿಮಗೆ ಕಂಡ ವ್ಯತ್ಯಾಸ ಸುಮ್ನೆ ಕಾಕತಾಳೀಯವೋ ಅಂತ ಪರೀಕ್ಷಿಸುವುದೂ ಸುಲಭ. ವರ್ಷಗಳ ಎದುರಿಗಿರುವ "ಎಲ್ ನೀನೋ", "ಲಾ ನೀನಾ", "ತಟಸ್ಥ" ಚೀಟಿಗಳನ್ನು ಕಲಸಿ, ಮನಸ್ಸಿಗೆ ಬಂದಂತೆ ಹಂಚಿ. ಮತ್ತೆ ವ್ಯತ್ಯಾಸ ಲೆಕ್ಕ ಹಾಕಿ. ಸ್ಪ್ರೆಡ್‌ಶೀಟ್‌ನಲ್ಲಿ ಇದನ್ನು ಸಾವಿರ ಸಲ ಮಾಡಬಹುದು. ಕಲಸಿದ ಚೀಟಿಗಳಲ್ಲೂ ನಿಮ್ಮಷ್ಟೇ ದೊಡ್ಡ ವ್ಯತ್ಯಾಸ ಪದೇ ಪದೇ ಬರುತ್ತಿದ್ದರೆ, ನಿಮ್ಮದರಲ್ಲಿ ವಿಶೇಷ ಏನೂ ಇಲ್ಲ.

6. ಋತುವಿನಿಂದ ವಾರಕ್ಕೆ ಇಳಿಯಿರಿ

ಎಲ್ ನೀನೋ ತಿಂಗಳುಗಳ ಮಾತು. ಅದಕ್ಕಿಂತ ಬೇಗ ಬಂದು ಹೋಗುವ ಏರಿಳಿತವೂ ಇದೆ. ಹಿಂದೂ ಮಹಾಸಾಗರದ ಮೇಲೆ ಮಳೆಮೋಡಗಳ ಒಂದು ದೊಡ್ಡ ಗುಂಪು ಹುಟ್ಟಿ, ಸಮಭಾಜಕದ ಉದ್ದಕ್ಕೂ ಪೂರ್ವಕ್ಕೆ ಸಾಗುತ್ತದೆ. ಒಂದು ಸುತ್ತಿಗೆ 30ರಿಂದ 60 ದಿನ. ಮ್ಯಾಡೆನ್ ಮತ್ತು ಜೂಲಿಯನ್ ಎಂಬ ವಿಜ್ಞಾನಿಗಳು 1971ರಲ್ಲಿ ಇದನ್ನು ಗುರುತಿಸಿದರು, ಹಾಗಾಗಿ ಮ್ಯಾಡೆನ್–ಜೂಲಿಯನ್ ಆಸಿಲೇಷನ್, ಚಿಕ್ಕದಾಗಿ ಎಂಜೆಒ ಅಂತ ಹೆಸರು. ಈ ಮೋಡಗಳು ಬಿಡುವ ಬಿಸಿ ಮೇಲಿನ ಗಾಳಿಯಲ್ಲಿ ಅಲೆ ಎಬ್ಬಿಸುತ್ತದೆ. ಆ ಅಲೆ ಪೆಸಿಫಿಕ್ ದಾಟಿ ಅಮೆರಿಕದ ಮೇಲಿನ ಜೆಟ್ ಅನ್ನು ಬಾಗಿಸುತ್ತದೆ. ಪಶ್ಚಿಮದಲ್ಲಿ ಜೆಟ್ ಕೆಳಗೆ ಬಾಗಿ ಅಲ್ಲೇ ಕೂತರೆ, ಬಯಲಿನ ಮೇಲೆ ದಿನಗಟ್ಟಲೆ ಸುಂಟರಗಾಳಿಯ ಹವೆ ನಿಲ್ಲುತ್ತದೆ.

2019ರ ಮೇ ಕೊನೆಯ ಎರಡು ವಾರ ಹೀಗೇ ಆಯಿತು. ಎಷ್ಟೋ ದಿನ ಬೆನ್ನುಬೆನ್ನಿಗೆ ಸುಂಟರಗಾಳಿ. ಆಗ ಇದ್ದದ್ದು ದುರ್ಬಲ ಎಲ್ ನೀನೋ! ಋತುವಿನ ಸೂತ್ರ ಮಾತ್ರ ನೋಡಿದ್ದರೆ ಯಾರೂ ಇದನ್ನು ಊಹಿಸುತ್ತಿರಲಿಲ್ಲ. ಆದರೆ ಉಷ್ಣವಲಯದ ಮೋಡಗಳ ಚಲನೆ ಗಮನಿಸುತ್ತಿದ್ದ ವಿಕ್ಟರ್ ಗೆನ್ಸಿನಿ ಮತ್ತು ಸಂಗಡಿಗರು ಸುಮಾರು ನಾಲ್ಕು ವಾರ ಮುಂಚೆಯೇ ಇಂಥ ಕಾಲ ಬರಬಹುದು ಅಂತ ಹೇಳಿದ್ದರು. ಎಲ್ಲ ವರ್ಷವೂ ಹೀಗೆ ಹೇಳಲು ಆಗುವುದಿಲ್ಲ. ಆ ಅಲೆ ಬಲವಾಗಿದ್ದಾಗ ಮಾತ್ರ ಈ ಕಿಟಕಿ ತೆರೆಯುತ್ತದೆ.

ಇದನ್ನು ನಿಮ್ಮ ಸ್ಪ್ರೆಡ್‌ಶೀಟ್‌ನಲ್ಲಿ ಮಾಡಲು ಹೊರಡಬೇಡಿ, ಅಷ್ಟು ಸುಲಭವಲ್ಲ. ಇಷ್ಟು ತಿಳಿದರೆ ಸಾಕು: ಒಂದೇ ವಸಂತದೊಳಗೆ ತಣ್ಣಗಿನ ವಾರಗಳೂ ಭೀಕರ ವಾರಗಳೂ ಇರುತ್ತವೆ, ಅದರ ಕೀಲಿ ಇಂಥ ಚಿಕ್ಕ ಅವಧಿಯ ಏರಿಳಿತಗಳಲ್ಲಿದೆ.

7. ಈಗ ದಶಕಗಳ ಪ್ರಶ್ನೆ

ಮೂರನೇ ಹಂತದಲ್ಲಿ ಮಾಡಿದ ಮೂರು ಅಂಕಣಕ್ಕೆ ವಾಪಸ್ ಬನ್ನಿ. ಮೊದಲ ಅಂಕಣ, ಅಂದರೆ ಸುಂಟರಗಾಳಿ ಎದ್ದ ದಿನಗಳು, 1970ರ ದಶಕದ ಆರಂಭದಿಂದ ಇಳಿಯುತ್ತಾ ಬಂದಿದೆ. ಕೊನೆಯ ಅಂಕಣ, ಮೂವತ್ತಕ್ಕಿಂತ ಜಾಸ್ತಿ ಎದ್ದ ದಿನಗಳು, ಏರಿದೆ. ಹೆರಾಲ್ಡ್ ಬ್ರೂಕ್ಸ್ ಮತ್ತು ಇಬ್ಬರು ಸಂಗಡಿಗರು 2014ರಲ್ಲಿ ಇದನ್ನು ಎತ್ತಿ ತೋರಿಸಿದರು. ವರ್ಷಕ್ಕೆ ಸುಮಾರು 150 ಇದ್ದ ಸುಂಟರಗಾಳಿ ದಿನಗಳು ಈ ಶತಮಾನದ ಮೊದಲ ದಶಕದ ಹೊತ್ತಿಗೆ ಸುಮಾರು 100ಕ್ಕೆ ಇಳಿದಿದ್ದವು. ಒಟ್ಟು ಸಂಖ್ಯೆ ಬದಲಾಗದೆ, ಚದುರಿದ್ದವು ಗುಂಪುಗೂಡುತ್ತಿವೆ. ವರ್ಷದ ಮೊತ್ತ ಮಾತ್ರ ನೋಡಿದವರಿಗೆ ಇದು ಕಾಣುವುದೇ ಇಲ್ಲ.

ಕಾರಣ? ಇಲ್ಲಿ ತಾಳ್ಮೆ ಬೇಕು. ಭೂಮಿ ಬಿಸಿಯಾದರೆ ಗಾಳಿಯಲ್ಲಿ ತೇವ ಹೆಚ್ಚಿ, ಕೇಪ್ ಏರುತ್ತದೆ ಅನ್ನುವುದು ನಿರೀಕ್ಷೆ. ಆದರೆ ಮೈಕೆಲ್ ಟಿಪೆಟ್ ಮತ್ತು ಸಂಗಡಿಗರು 2016ರಲ್ಲಿ ಅತಿ ದೊಡ್ಡ ದಾಳಿಗಳನ್ನು ಜಾಲಾಡಿದಾಗ, ದಾಳಿಗಳು ದೊಡ್ಡದಾಗುತ್ತಿರುವುದು ನಿಜ ಅಂತ ಕಂಡಿತು, ಅದರ ಜೊತೆ ಏರಿದ್ದು ಮಾತ್ರ ಕೇಪ್ ಅಲ್ಲ, ಹೆಲಿಸಿಟಿ. ನಿರೀಕ್ಷಿಸಿದ ಬೆರಳಚ್ಚು ಸಿಗಲಿಲ್ಲ. ಹಾಗಾಗಿ ಇದು ದಶಕಗಳ ಉದ್ದದ ಒಂದು ಏರಿಳಿತವೂ ಇರಬಹುದು, ಬಿಸಿಯಾಗುವಿಕೆಯ ಇನ್ನೂ ಅರ್ಥವಾಗದ ಪರಿಣಾಮವೂ ಇರಬಹುದು. ಎರಡರಲ್ಲಿ ಒಂದನ್ನು ಖಚಿತವಾಗಿ ಹೇಳುವ ಸುದ್ದಿ ಕಂಡರೆ, ಅದು ಪುರಾವೆಗಿಂತ ಒಂದು ಹೆಜ್ಜೆ ಮುಂದೆ ಹೋಗಿದೆ ಅಂತ ತಿಳಿಯಿರಿ. ನಮ್ಮ ಕೈಲಿರುವ ದಾಖಲೆ ಎಪ್ಪತ್ತು ಚಿಲ್ಲರೆ ವರ್ಷದ್ದು. ಮೂವತ್ತು ನಲವತ್ತು ವರ್ಷಕ್ಕೊಮ್ಮೆ ತಿರುಗುವ ಏರಿಳಿತವನ್ನು ಅದರಲ್ಲಿ ಎರಡು ಸಲ ನೋಡಬಹುದು, ಅಷ್ಟೇ.

ಜಾಗದ ಬದಲಾವಣೆ ಇದಕ್ಕಿಂತ ಸ್ಪಷ್ಟ. ಗೆನ್ಸಿನಿ ಮತ್ತು ಬ್ರೂಕ್ಸ್ 2018ರಲ್ಲಿ ತೋರಿಸಿದ ಪ್ರಕಾರ, 1979ರಿಂದ ಈಚೆಗೆ ಟೆಕ್ಸಸ್ ಮತ್ತು ದಕ್ಷಿಣ ಬಯಲಿನಲ್ಲಿ ಸುಂಟರಗಾಳಿಗೆ ಅನುಕೂಲದ ಹವೆ ಕಡಿಮೆಯಾಗಿದೆ, ಆಗ್ನೇಯ ಮತ್ತು ಮಧ್ಯಪಶ್ಚಿಮದ ಭಾಗಗಳಲ್ಲಿ ಹೆಚ್ಚಿದೆ. ಜಾಗದ ಈ ಬದಲಾವಣೆ ನನಗೆ ತುಂಬ ಕಳವಳ ತರುತ್ತದೆ. ಆಗ್ನೇಯದಲ್ಲಿ ಜನಸಂಖ್ಯೆ ದಟ್ಟ, ಕಾಡು ಗುಡ್ಡಗಳಿಂದಾಗಿ ದೂರದಿಂದ ಕಾಣುವುದಿಲ್ಲ, ಸುಂಟರಗಾಳಿ ರಾತ್ರಿ ಹೊತ್ತು ಬರುವುದು ಜಾಸ್ತಿ, ಗಟ್ಟಿ ಅಡಿಪಾಯ ಇಲ್ಲದ ಮೊಬೈಲ್ ಮನೆಗಳೂ ಜಾಸ್ತಿ.

8. ಸಿಕ್ಕಿದ ಉತ್ತರವನ್ನು ಸರಿಯಾದ ಹೊತ್ತಿಗೆ ಬಳಸಿ

ನಿಮ್ಮ ಫಲಿತಾಂಶ ಬರೆಯುವಾಗ ಜಾಗ, ತಿಂಗಳು, ಎಣಿಸಿದ್ದು ಏನು, ಈ ಮೂರೂ ಒಂದೇ ವಾಕ್ಯದಲ್ಲಿರಲಿ. "ಲಾ ನೀನಾ ಚಳಿಗಾಲದ ನಂತರ, ಮಾರ್ಚ್–ಮೇ ಅವಧಿಯಲ್ಲಿ, ಆಗ್ನೇಯ ರಾಜ್ಯಗಳಲ್ಲಿ, ಇಎಫ್1ಕ್ಕೆ ಮೇಲ್ಪಟ್ಟ ಹತ್ತಕ್ಕಿಂತ ಜಾಸ್ತಿ ಸುಂಟರಗಾಳಿ ಎದ್ದ ದಿನಗಳು ಹೆಚ್ಚಿವೆ." ಉದ್ದವಾಯಿತು, ಆದರೂ ಸರಿಯಾಗಿದೆ. "ಕಾರಣ" ಅನ್ನುವ ಪದ ಬೇಡ, "ಸಾಧ್ಯತೆ ಹೆಚ್ಚುತ್ತದೆ" ಅನ್ನಿ.

ಅಲ್ಲೇ ವಾಸಿಸುವವರಿಗೆ ಇದರ ಉಪಯೋಗ ಹೀಗೆ. ಜನವರಿಯಲ್ಲಿ ಸಾಗರದ ಪಟ್ಟಿ ನೋಡಿ. ನಿಮ್ಮ ಪ್ರದೇಶದಲ್ಲಿ ಸುಂಟರಗಾಳಿಗೆ ಹದ ಕೂಡಿಬಂದಿದ್ದರೆ, ಅಡಗಿಕೊಳ್ಳುವ ಕೋಣೆಯನ್ನು ಖಾಲಿ ಮಾಡಿಡಲು, ಟಾರ್ಚ್, ಬ್ಯಾಟರಿ ರೇಡಿಯೋ ತೆಗೆದಿಡಲು ಒಂದು ನೆಪ ಸಿಕ್ಕಿತು ಅಂದುಕೊಳ್ಳಿ. ಸುಂಟರಗಾಳಿಗೆ ಹದ ಇಲ್ಲ ಅಂತ ಈ ಕೆಲಸ ಬಿಡಬೇಡಿ, 2019 ನೆನಪಿರಲಿ. ವಾರ ಹತ್ತಿರವಾದಂತೆ ಸಾಗರವನ್ನು ಮರೆತು ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್‌ನ ಮುನ್ನೋಟ ನೋಡಿ. ಎಂಟು ದಿನ ಮುಂಚಿನವರೆಗೂ ಅವರು ನಕ್ಷೆ ಕೊಡುತ್ತಾರೆ. ಹತ್ತಿರದ ದಿನಗಳಿಗೆ ಐದು ಮೆಟ್ಟಿಲು ಇವೆ: ಮಾರ್ಜಿನಲ್, ಸ್ಲೈಟ್, ಎನ್‌ಹ್ಯಾನ್ಸ್ಡ್, ಮಾಡರೇಟ್, ಹೈ. ಸ್ಲೈಟ್ ಅಂದರೆ ಏನೂ ಆಗಲ್ಲ ಅಂತ ಅರ್ಥವಲ್ಲ. 1999ರ ಮೇ 3ರ ಬೆಳಗ್ಗೆ ಒಕ್ಲಹೋಮಾಕ್ಕೆ ಕೊಟ್ಟಿದ್ದದ್ದು ಅದನ್ನೇ, ಸಂಜೆಯೊಳಗೆ ಅದು ಹೈ ಆಗಿತ್ತು.

ಆ ದಿನ ಬಂದಾಗ ಎರಡು ಪದ ಬೆರೆಸಿಕೊಳ್ಳಬೇಡಿ. ಟೊರ್ನಾಡೊ ವಾಚ್ ಅಂದರೆ ಹವೆ ಕೂಡಿ ಬಂದಿದೆ, ಕಿವಿ ತೆರೆದಿರಿ. ಟೊರ್ನಾಡೊ ವಾರ್ನಿಂಗ್ ಅಂದರೆ ರೇಡಾರ್‌ನಲ್ಲೋ ಕಣ್ಣಿಗೋ ಕಂಡಿದೆ, ಈಗಲೇ ನೆಲಮಾಳಿಗೆಗೆ ಅಥವಾ ಕೆಳಮಹಡಿಯ ಕಿಟಕಿ ಇಲ್ಲದ ಒಳಕೋಣೆಗೆ ಹೋಗಿ. ವಾರ್ನಿಂಗ್ ಬಂದ ಮೇಲೆ ಸಿಗುವುದು ಸಾಮಾನ್ಯವಾಗಿ ಕೆಲವೇ ನಿಮಿಷ. ಮೊಬೈಲ್ ಮನೆಯಲ್ಲಿ ಇರುವವರು ವಾರ್ನಿಂಗ್‌ವರೆಗೆ ಕಾಯದೆ ವಾಚ್ ಬಂದಾಗಲೇ ಹತ್ತಿರದ ಗಟ್ಟಿ ಕಟ್ಟಡಕ್ಕೆ ಹೊರಡಿ. ಮಲಗುವ ಮುಂಚೆ ಫೋನಿನ ತುರ್ತು ಎಚ್ಚರಿಕೆಯ ಸದ್ದು ಆನ್ ಇದೆಯಾ ಅಂತ ಒಮ್ಮೆ ನೋಡಿ. ಫ್ಲೋರಿಡಾದ ಆ 42 ಜನರಲ್ಲಿ ಹೆಚ್ಚಿನವರು ಮೊಬೈಲ್ ಮನೆಗಳಂಥ ಹಗುರ ಮನೆಗಳಲ್ಲಿದ್ದರು, ಸುಂಟರಗಾಳಿ ಬಂದದ್ದು ಊರು ಮಲಗಿದ್ದ ಹೊತ್ತಿನಲ್ಲಿ.